ಎಲ್ಲ ಪುಟದಲ್ಲೂ ಎಡಕ್ಕನ ಕೈ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಎಡಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದು ಹಾಜರಿ ಪಟ್ಟಿಯಲ್ಲಿ ಬೆಚ್ಚಗೆ ಮಲಗಿತ್ತು. ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ನಟ್ಟು ಬಿಗಿಯುತ್ತಿದ್ದುದನ್ನು ಕಂಡ ಮೇಸ್ತ್ರಿ, "ಏನಪ್ಪಾ ಇದು, ಒಬ್ಳು ಅಕ್ಕನ್ನ ಕಳಿಸಿ ಅಂದ್ರೆ ಎಡಕ್ಕನ್ನ ಕಳಿಸಿದಾರಲ್ಲ!" ಎಂದಿದ್ದ. ಹಾಗೆ ಅಂಟಿದ ಹೆಸರು ಮತ್ತೆ ಬಿಡಲಿಲ್ಲ. ರೇಗಿಸುವುದರಲ್ಲಿ ಮೇಸ್ತ್ರಿ ಎತ್ತಿದ ಕೈ. ಅವನ ಬಾಯಿಗೆ ಸಿಕ್ಕವರು ಯಾರೂ ಸ್ವಂತ ಹೆಸರು ಉಳಿಸಿಕೊಂಡದ್ದಿಲ್ಲ. ಎರಡನೇ ಪಾಳಿಯ ಉದ್ದನೆಯ ಆಪರೇಟರ್ ಏಣಿ ಆಗಿದ್ದ, ಮೆತ್ತಗೆ ಮಾತಾಡುವ ಸ್ಟೋರಿನವನು ಪಿಸುಮಾತು ಆಗಿದ್ದ. ಅವರ ನಡುವೆ ಎಡಕ್ಕ ಎಂದರೆ ಮರ್ಯಾದೆಯ ಹೆಸರೇ ಅನ್ನಬೇಕು, ಕೊನೆಗೆ ಅಕ್ಕ ಅನ್ನುವುದಾದರೂ ಇತ್ತಲ್ಲ.

ಅದು ಕೈ ತೊಳೆಯುವ, ಪಾತ್ರೆ ತೊಳೆಯುವ ದ್ರವ ಸೋಪು ತಯಾರಾಗುವ ಕಾರ್ಖಾನೆ. ಆಫೀಸಿನವರು ಮಿಕ್ಸಿಂಗ್ ವೆಸೆಲ್ ಅನ್ನುವ ದೊಡ್ಡ ಸ್ಟೀಲ್ ಪಾತ್ರೆಗೆ ಕೆಲಸಗಾರರು ಇಟ್ಟ ಹೆಸರು ಹಂಡೆ. ಮೆಟ್ಟಿಲು ಹತ್ತಿ ಕಬ್ಬಿಣದ ಅಟ್ಟದ ಮೇಲೆ ನಿಂತರೆ ಹಂಡೆಯ ಕುತ್ತಿಗೆ ಎದೆಮಟ್ಟಕ್ಕೆ ಬರುತ್ತದೆ. ಅಲ್ಲೊಂದು ದಪ್ಪ ಗಾಜಿನ ಕಿಂಡಿ, ಅದರ ಪಕ್ಕದಲ್ಲಿ ಕೈಯಿಂದ ತಿರುಗಿಸುವ ವಾಲ್ವು. ಒಳಗೆ ಬಿಸಿನೀರು ಸುತ್ತುತ್ತಿರುವಾಗ, ಕಿಂಡಿಯಲ್ಲಿ ಕಣ್ಣಿಟ್ಟು, ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆದು ಸೋಪಿನ ಗಟ್ಟಿ ಪಾಕ ಬಿಡಬೇಕು. ಅವಸರ ಮಾಡಿದರೆ ನೊರೆ ಏಳುತ್ತದೆ. ನೊರೆ ಎದ್ದರೆ ಮುಗಿಯಿತು, ಅದು ತಾನಾಗಿ ಇಳಿಯುವವರೆಗೆ ಕೈಕಟ್ಟಿ ಕೂರಬೇಕು, ಯಾರ ಅಪ್ಪನಿಂದಲೂ ಏನೂ ಮಾಡಲಾಗದು.

ಯಾವಾಗ ಏನು ಹಾಕಬೇಕು, ಎಷ್ಟು ಬಿಸಿ ಇರಬೇಕು, ಉಪ್ಪು ಎಷ್ಟು, ಸುಗಂಧ ಯಾವಾಗ, ಇದೆಲ್ಲ ಮೊದಲು ಪ್ಲಾಸ್ಟಿಕ್ ಹೊದಿಸಿದ ಹಾಳೆಗಳಲ್ಲಿತ್ತು. ಹಾಳೆಗಳನ್ನು ದಾರ ಕಟ್ಟಿ ಅಟ್ಟದ ಕಂಬಿಗೆ ತೂಗುಹಾಕಿದ್ದರು. ಪ್ಲಾಸ್ಟಿಕ್ಕಿನ ಒಳಗೂ ಸೋಪು ನುಗ್ಗಿ ಅಕ್ಷರಗಳು ಈಜಾಡುತ್ತಿದ್ದವು. ಆಫೀಸಿನವರು ಒಂದು ಅಂಕಿ ಬದಲಿಸಿದರೆ ಹೊಸ ಹಾಳೆ ಬರುತ್ತಿತ್ತು, ಆದರೆ ಹಳೆಯದನ್ನು ತೆಗೆಯುವ ಪುಣ್ಯಾತ್ಮ ಯಾರೂ ಇರಲಿಲ್ಲ. ಹೀಗಾಗಿ ಮೊದಲ ಪಾಳಿಯವರು ಒಂದು ಹಾಳೆ ನಂಬುತ್ತಿದ್ದರು, ಎರಡನೇ ಪಾಳಿಯವರು ಇನ್ನೊಂದನ್ನು. ಸೋಪು ಒಂದು ದಿನ ಜೇನಿನಂತೆ ದಪ್ಪ, ಮರುದಿನ ತಿಳಿಸಾರಿನಂತೆ ತೆಳ್ಳಗೆ. ಮೇಸ್ತ್ರಿಯಂತೂ ಯಾವ ಹಾಳೆಯನ್ನೂ ನಂಬದೆ ತನ್ನ ನಾಲಗೆಯನ್ನೇ ನಂಬುತ್ತಿದ್ದ. ನಾಲಗೆ ಎಂದರೆ ರುಚಿ ನೋಡುವುದಲ್ಲ, ಕೂಗುವುದು.

ಆಮೇಲೆ ಸ್ಕ್ರೀನುಗಳು ಬಂದವು. ಜೊತೆಗೆ ಆಫೀಸಿನಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಬಂದವಳೇ ಎಲ್ಲರನ್ನೂ ಹಂಡೆಯ ಕೆಳಗೆ ಸೇರಿಸಿ, ಇನ್ನು ಮೇಲೆ ಹಾಳೆಗಳಿಲ್ಲ, ಎಲ್ಲವೂ ಬ್ರೌಸರ್‌ನಲ್ಲಿ ತೆರೆಯುವ ಪುಟಗಳಲ್ಲಿ ಇರುತ್ತದೆ ಎಂದಳು. ಒಂದು ಪುಟಕ್ಕೆ ಒಂದೇ ಕೆಲಸ, ಒಂದು ಫೋಟೋ, ಒಂದು ಸಾಲು ಮಾತು, ಕೆಳಗೆ "ಆಯ್ತು" ಅನ್ನುವ ಬಟನ್. ಅದನ್ನು ಒತ್ತುವವರೆಗೆ ಮುಂದಿನ ಪುಟ ತೆರೆಯದು. ತೂಕ ಕೇಳಿದ ಕಡೆ ತಪ್ಪು ತೂಕ ಹೊಡೆದರೆ ಕೆಂಪಗಾಗಿ ಕೂರುತ್ತದೆ. ಆಫೀಸಿನಲ್ಲಿ ಒಂದು ಅಂಕಿ ತಿದ್ದಿದರೆ ಆ ಕ್ಷಣವೇ ಎಲ್ಲ ಸ್ಕ್ರೀನಿನಲ್ಲೂ ತಿದ್ದಿರುತ್ತದೆ, ಹಳೆಯದು ಹುಡುಕಿದರೂ ಸಿಗದು.

"ಹಂಗಾದ್ರೆ ಅದು ನನ್ನ ಹೆಂಡ್ತಿ ಥರ," ಎಂದ ಮೇಸ್ತ್ರಿ. "ಒಂದು ಕೆಲ್ಸ ಮುಗಿಸೋವರೆಗೂ ಇನ್ನೊಂದು ಹೇಳಲ್ಲ, ತಪ್ಪು ಮಾಡಿದ್ರೆ ಕೆಂಪಗಾಗ್ತಾಳೆ."

ಹುಡುಗಿ ನಗುತ್ತಲೇ, "ಪುಟ ತೆರೀರಿ ಮೇಸ್ತ್ರಿ, ಪುಟ ತೆರೀರಿ," ಎಂದಳು. ದಿನವಿಡೀ ಅದೇ ಮಾತು ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಅವಳಿಗೂ ಪುಟದ ಮೇಡಂ ಎಂಬ ಹೆಸರು ಖಾಯಂ ಆಯಿತು.

ಫೋಟೋಗೆ ಒಂದು ಕೈ ಬೇಕಿತ್ತು. ವಾಲ್ವು ಹೇಗೆ ಹಿಡಿಯಬೇಕು, ಉಪ್ಪಿನ ಡಬ್ಬಿ ಹೇಗೆ ವಾಲಿಸಬೇಕು, ಎಲ್ಲವನ್ನೂ ಮಾಡಿ ತೋರಿಸುವ ಕೈ. ಪುಟದ ಮೇಡಂ ಮೊದಲು ಮೇಸ್ತ್ರಿಯನ್ನೇ ಕೇಳಿದಳು. ಅವನು ಮರುದಿನ ಗಡ್ಡ ಬೋಳಿಸಿ, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವನ ಹಾಗೆ ಬಂದು ನಿಂತ. ಫೋಟೋದಲ್ಲಿ ಕೈ ಮಾತ್ರ ಬರುತ್ತದೆ, ಮುಖ ಬರುವುದಿಲ್ಲ ಎಂದು ಗೊತ್ತಾದಾಗ ಅವನ ಉತ್ಸಾಹವೆಲ್ಲ ಜರ್ರನೆ ಇಳಿಯಿತು.

"ಮುಖ ಬೇಡ ಅಂದ್ಮೇಲೆ ನಾನ್ಯಾಕೆ? ಎಡಕ್ಕನ್ನ ಕರ್ಕೊಳ್ಳಿ," ಎಂದು ಹೇಳಿ ಮುಖ ಊದಿಸಿಕೊಂಡು ಹೊರಟುಹೋದ.

ಎಡಕ್ಕ ಹಿಂಜರಿದಳು. "ನಂದು ಎಡಗೈ ಮೇಡಂ."

"ಕೈ ಅಂದ್ರೆ ಕೈ ತಾನೆ ಅಕ್ಕ? ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ," ಎಂದಳು ಹುಡುಗಿ.

ಹಾಗೆ ಒಂದು ವಾರ ಎಡಕ್ಕ ಕೆಲಸ ಮಾಡಿದಳು, ಪುಟದ ಮೇಡಂ ಫೋಟೋ ತೆಗೆದಳು. ಎಡಗೈ ಬಳಸುವವಳಾದ್ದರಿಂದ ಎಡಕ್ಕ ವಾಲ್ವಿನ ಆ ಕಡೆ, ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಉಳಿದವರೆಲ್ಲ ಈ ಕಡೆ, ಮೆಟ್ಟಿಲಿನ ಪಕ್ಕ. ಸ್ಕ್ರೀನ್ ಎಲ್ಲಿ ಕೂರಿಸುವುದು ಎಂದು ಕೇಳಲು ಎಲೆಕ್ಟ್ರಿಷಿಯನ್ ಬಂದಾಗ ಕೆಲಸಗಾರರಲ್ಲಿ ಅಟ್ಟದ ಮೇಲಿದ್ದವಳು ಎಡಕ್ಕ ಒಬ್ಬಳೇ. ಪುಟದ ಮೇಡಂ ಅವಳ ಕಣ್ಣಿಗೆ ನೇರವಾಗಿ ಕಾಣುವ ಕಂಬವನ್ನು ತೋರಿಸಿದಳು. ಅಲ್ಲೇ ಸ್ಕ್ರೀನ್ ಕೂತಿತು. ಅದರ ಬಗ್ಗೆ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮನೆಯಲ್ಲಿ ಎಡಕ್ಕನಿಗೆ ಒಂದು ನೋವಿತ್ತು. ಮಗಳು ಗುಬ್ಬಿ ಒಂದನೇ ಕ್ಲಾಸಿಗೆ ಸೇರಿದ್ದಳು. ಅವಳೂ ಎಡಗೈಯವಳೇ. ಸಂಜೆ ಹೋಮ್‌ವರ್ಕಿಗೆ ಕೂತರೆ ಪೆನ್ಸಿಲ್ ತಾನಾಗಿ ಎಡಗೈಗೆ ಹೋಗುತ್ತಿತ್ತು, ಅಜ್ಜಿ ಅದನ್ನು ಬಲಗೈಗೆ ಬದಲಾಯಿಸುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಮೆತ್ತಗೆ ಬೆರಳು ಬಿಡಿಸಿ, ಈ ಕೈಯಿಂದ ಆ ಕೈಗೆ ದಾಟಿಸುತ್ತಿದ್ದರು, ಅಷ್ಟೇ. ಮತ್ತೆ ಪೆನ್ಸಿಲ್ ಎಡಕ್ಕೆ ಬರುತ್ತಿತ್ತು, ಮತ್ತೆ ಅಜ್ಜಿಯ ಕೈ ಬರುತ್ತಿತ್ತು. ಈಚೆಗೆ ಗುಬ್ಬಿ ಒಂದು ಹೊಸ ಅಭ್ಯಾಸ ಕಲಿತಿದ್ದಳು. ಯಾವ ವಸ್ತು ತೆಗೆದುಕೊಳ್ಳುವ ಮೊದಲೂ ಒಮ್ಮೆ ಅಜ್ಜಿಯ ಮುಖ ನೋಡುತ್ತಿದ್ದಳು. ಆಮೇಲೆ ಬಲಗೈ ಚಾಚುತ್ತಿದ್ದಳು.

ಅದನ್ನು ಕಂಡಾಗೆಲ್ಲ ಎಡಕ್ಕನಿಗೆ ತನ್ನ ಬಾಲ್ಯ ನೆನಪಾಗುತ್ತಿತ್ತು. ತಾನೂ ಹೀಗೇ ಬೆಳೆದವಳು. ಬರವಣಿಗೆ ಬಲಗೈಗೆ, ಉಳಿದದ್ದೆಲ್ಲ ಎಡಗೈಗೆ ಎಂದು ಅವಳ ಮೈಯಲ್ಲಿ ಚಿಕ್ಕಂದಿನಲ್ಲೇ ಆಸ್ತಿ ಪಾಲಾಗಿತ್ತು. ಬಲಗೈ ಬರೆದ ಅಕ್ಷರ ಇವತ್ತಿಗೂ ಕಾಗೆ ಕಾಲು. ಒಮ್ಮೆ ಧೈರ್ಯ ಮಾಡಿ ಅತ್ತೆಯ ಹತ್ತಿರ, "ಬಿಡಿ ಅತ್ತೆ, ಯಾವ ಕೈಲಾದ್ರೂ ಬರೀಲಿ," ಎಂದಿದ್ದಳು.

ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ನಿನ್ನ ಹೆಸರೇ ಹೋಯ್ತಲ್ಲ, ಎಡಕ್ಕ ಅಂತಾರಂತೆ ಅಲ್ಲಿ. ಅಷ್ಟು ಜನ ಗಂಡಸರ ಮಧ್ಯೆ ನಗೆಪಾಟಲು. ಅದೇ ಗತಿ ಈ ಮಗೂಗೂ ಬೇಕಾ? ನಾನೇನು ಇವಳ ಶತ್ರುನಾ?"

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡನನ್ನು ಕೇಳಿದರೆ ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಅಮ್ಮ ಹೇಳೋದ್ರಲ್ಲೂ ಒಂದು ಅರ್ಥ ಇದೆ, ನೀನು ಹೇಳೋದ್ರಲ್ಲೂ ಒಂದು ಅರ್ಥ ಇದೆ," ಎಂದು ಹೇಳಿ ಸೈಕಲ್ ರಿಪೇರಿ ಅಂಗಡಿಗೆ ಹೊರಟುಬಿಡುತ್ತಿದ್ದ. ಆ ಎರಡು ಅರ್ಥ ಸೇರಿ ಏನಾಯಿತು ಅನ್ನುವುದನ್ನು ಮಾತ್ರ ಅವನು ಎಂದೂ ಹೇಳಿದವನಲ್ಲ.

ಸ್ಕ್ರೀನ್ ಶುರುವಾದ ದಿನ ಎಡಕ್ಕ ಮನೆಗೆ ಬಂದವಳೇ ಗುಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

"ಗೊತ್ತೇನೇ? ನಮ್ಮ ಫ್ಯಾಕ್ಟರೀಲಿ ಎಲ್ಲ ಪುಟದಲ್ಲೂ ನನ್ನ ಕೈ ಇದೆ."

"ಯಾವ ಕೈ?"

"ಇದೇ. ಎಡಗೈ."

ಗುಬ್ಬಿ ಕಣ್ಣರಳಿಸಿದಳು. "ಯಾರೂ ಏನೂ ಅನ್ನಲ್ವಾ?"

"ಏನಂತಾರೆ? ಅದನ್ನ ನೋಡ್ಕೊಂಡೇ ಎಲ್ರೂ ಕೆಲ್ಸ ಮಾಡೋದು."

ಅತ್ತೆ ಅಡುಗೆಮನೆಯಿಂದಲೇ, "ಹಾಕಿರ್ತಾರೆ ಬಿಡು, ಹೀಗೆ ಮಾಡಬೇಡಿ ಅಂತ ತೋರಿಸೋಕೆ," ಎಂದರು. ಗಂಡ ಕಿಸಕ್ಕನೆ ನಕ್ಕು, ಹೆಂಡತಿಯ ಮುಖ ನೋಡಿ ಕೆಮ್ಮಿದ. ಎಡಕ್ಕನಿಗೂ ನಗು ಬಂತು, ಏನೇ ಆದರೂ ಅತ್ತೆಯ ಬಾಯಿ ಚುರುಕು ಎಂಬುದನ್ನು ಒಪ್ಪಬೇಕು.

"ನಂಗೆ ತೋರಿಸ್ತೀಯಾ?" ಎಂದಳು ಗುಬ್ಬಿ.

ವರ್ಷಕ್ಕೊಮ್ಮೆ ಕಾರ್ಖಾನೆಗೆ ಕೆಲಸಗಾರರ ಮನೆಯವರನ್ನೆಲ್ಲ ಕರೆಯುವ ದಿನವಿತ್ತು. ಆ ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆಂದು ಎಡಕ್ಕ ಮಾತು ಕೊಟ್ಟಳು. ಗುಬ್ಬಿ ಅದನ್ನು ಹಿಡಿದುಕೊಂಡಳು. ಬೆಳಿಗ್ಗೆ ಎದ್ದರೆ ಅದೇ ಪ್ರಶ್ನೆ, ಮಲಗುವಾಗ ಅದೇ ಪ್ರಶ್ನೆ: ಇನ್ನೂ ಇದೆಯಾ ನಿನ್ನ ಕೈ ಅಲ್ಲಿ? ಇದೆ ಕಣೇ, ಇದೆ. ನಾಳೆನೂ ಇರುತ್ತಾ? ಇರುತ್ತೆ, ಎಲ್ಲಿಗೆ ಹೋಗುತ್ತೆ? ಎಡಕ್ಕನಿಗೆ ಆ ದಿನದ ಮೇಲೆ ಯಾಕೋ ತುಂಬ ಆಸೆ ಬೆಳೆಯಿತು. ತಾನು ಬಾಯಲ್ಲಿ ಹೇಳಲಾಗದ್ದನ್ನು ಆ ಫೋಟೋ ಹೇಳೀತು ಎಂದುಕೊಂಡಳು. ಮಗಳು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, ತನ್ನ ಕೈ ತಪ್ಪು ಕೈಯಲ್ಲ ಅನ್ನುವುದು ಅವಳ ತಲೆಗೆ ಹೋಗುತ್ತದೆ.

ಕಾರ್ಖಾನೆಯಲ್ಲಿ ಸ್ಕ್ರೀನಿಗೆ ಎಲ್ಲರೂ ಒಗ್ಗಿಕೊಂಡರು. ಮೊದಮೊದಲು ಮೇಸ್ತ್ರಿ, ಕತ್ತು ತಿರುಗಿಸಿ ತಿರುಗಿಸಿ ನೋಡುವುದರಲ್ಲಿ ಕುತ್ತಿಗೆ ಉಳುಕಿತು ಎಂದು ಗೊಣಗಿದ. ಆಮೇಲೆ ಎಡಕ್ಕ ನಿಲ್ಲುವ ಕಡೆಗೇ ಹೋಗಿ ನಿಂತು ನೋಡತೊಡಗಿದ, ಗೊಣಗುವುದು ನಿಂತಿತು. ಏಣಿಯೂ ಹಾಗೇ ಮಾಡಿದ. ಸೋಪು ದಿನವೂ ಒಂದೇ ಹದ. ನೊರೆ ಎದ್ದ ಸುದ್ದಿಯೇ ಇಲ್ಲ. ಪಾಳಿ ಬದಲಾಗುವಾಗ ಯಾರು ಎಲ್ಲಿಗೆ ಬಿಟ್ಟಿದ್ದಾರೆ ಎಂದು ಕೂಗಾಡುವ ಗೋಳು ತಪ್ಪಿತು. ಸ್ಕ್ರೀನ್ ನೋಡಿದರೆ ಆಯಿತು, ನಿಂತ ಪುಟವೇ ತೆರೆದಿರುತ್ತದೆ.

ಮನೆಯವರ ದಿನಕ್ಕೆ ಇನ್ನೇನು ಒಂದೆರಡು ದಿನ ಇದೆ ಅನ್ನುವಾಗ ಕ್ವಾಲಿಟಿ ಮೇಡಂ ಅಟ್ಟಕ್ಕೆ ಬಂದರು. ಸೋಪಿನ ಗುಣಮಟ್ಟಕ್ಕೆ ಅವರೇ ಹೊಣೆ. ಕಟ್ಟುನಿಟ್ಟಿನ ಹೆಂಗಸು, ಆದರೆ ಸುಮ್ಮಸುಮ್ಮನೆ ಕೂಗಾಡುವವರಲ್ಲ. ಪುಟಗಳನ್ನು ಒಂದೊಂದಾಗಿ ನೋಡುತ್ತ ಹೋದವರು ಹುಬ್ಬು ಗಂಟಿಕ್ಕಿದರು.

"ಇದ್ಯಾಕೆ ಎಲ್ಲ ಕಡೆ ಎಡಗೈ?"

ಪುಟದ ಮೇಡಂ ವಿವರಿಸಿದಳು.

"ಅಲ್ಲಮ್ಮ, ಇಲ್ಲಿ ಕೆಲ್ಸ ಮಾಡೋರಲ್ಲಿ ಬಲಗೈಯವರೇ ಜಾಸ್ತಿ. ಹೊಸಬರು ಬಂದ್ರೆ ಗಲಿಬಿಲಿ ಆಗಲ್ವಾ? ವಾಲ್ವಿನ ಹತ್ರ ಗಲಿಬಿಲಿ ಆಗೋದು ಒಳ್ಳೇದಲ್ಲ," ಎಂದರು ಕ್ವಾಲಿಟಿ ಮೇಡಂ. ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. "ಮನೆಯವರ ದಿನ ಹಂಡೇಲೂ ಪೈಪಲ್ಲೂ ಬರೀ ನೀರು ತಾನೆ ಇರೋದು? ಆವತ್ತೇ ಮೇಸ್ತ್ರಿ ಕೈಲಿ ಮಾಡಿಸಿ ಹೊಸ ಫೋಟೋ ತೆಗೆದುಬಿಡಿ. ಅಲ್ಲೇ ಹಾಕಿಬಿಡಿ. ಬಂದವರಿಗೂ ಇದು ಹೆಂಗೆ ಬದಲಾಗುತ್ತೆ ಅಂತ ನೋಡಿದ ಹಾಗಾಗುತ್ತೆ."

ಎಡಕ್ಕ ಎರಡು ಮೆಟ್ಟಿಲು ಅವರ ಹಿಂದೆಯೇ ಇಳಿದು, "ಮೇಡಂ, ಅದನ್ನ ಆಮೇಲೆ ಒಂದಿನ ಮಾಡಿದ್ರೆ ಆಗಲ್ವಾ?" ಎಂದಳು.

"ಯಾಕೆ? ಆವತ್ತು ಏನಾದ್ರೂ ತೊಂದ್ರೆ ಇದೆಯಾ?"

ಏನೆಂದು ಹೇಳುವುದು? ನನ್ನ ಮಗಳು ತನ್ನ ಅಜ್ಜಿಯ ಮುಖ ನೋಡಿ ಕೈ ಬದಲಾಯಿಸುತ್ತಾಳೆ, ಅದಕ್ಕೆ ನಿಮ್ಮ ಫೋಟೋ ಇರಲಿ ಎಂದು ಹೇಳಲಾಗುತ್ತದೆಯೇ? ಎಡಕ್ಕ, "ಏನಿಲ್ಲ ಮೇಡಂ," ಎಂದಳು. ಅವರು ಹೊರಟರು. ಹಿಂದಿನಿಂದ ಮೇಸ್ತ್ರಿ, "ಎಡಕ್ಕಾ, ನಿನ್ನ ಕೈಯ ರಾಜ್ಯ ಮುಗೀತು ನೋಡು. ಈ ಸಲ ಮುಖ ಇಲ್ದಿದ್ರೂ ಪರವಾಗಿಲ್ಲ, ನಾನೇ ಬರ್ತೀನಿ," ಎಂದು ತೋಳು ಮಡಚಿ ತೋರಿಸಿದ. ಅವನು ತಮಾಷೆಗೇ ಅಂದದ್ದು. ಅವಳಿಗೆ ಮಾತ್ರ ಆವತ್ತು ನಗು ಬರಲಿಲ್ಲ.

ಗುಬ್ಬಿಗೆ ಅವಳು ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಮಗು ಹೊಸ ಬಟ್ಟೆ ಮಡಚಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಕಾಯುತ್ತಿದೆ, ಹೇಗೆ ಹೇಳುವುದು?

ಆ ದಿನ ಬಂದೇ ಬಂತು. ಗಂಡ ಅಂಗಡಿ ಮುಚ್ಚಿ ಬಂದ, ಅತ್ತೆಯೂ ಹೊರಟರು. ಬಾಗಿಲಲ್ಲಿ ಎಲ್ಲರ ತಲೆಗೂ ಕಾಗದದ ಟೋಪಿ ಹಾಕಿದರು. ಅತ್ತೆ ಟೋಪಿ ಹಾಕಿಕೊಂಡು, "ನನ್ನನ್ನೂ ಹಂಡೆಗೆ ಹಾಕಿ ಕುದಿಸ್ತಾರೋ ಹೇಗೆ?" ಎಂದು ಕೇಳಿ ಪ್ಯಾಕಿಂಗಿನ ಹೆಂಗಸರನ್ನೆಲ್ಲ ನಗಿಸಿದರು. ನೆಲ ಫಳಫಳ ಹೊಳೆಯುತ್ತಿತ್ತು, ಗಾಳಿಯಲ್ಲಿ ನಿಂಬೆ ಸೋಪಿನ ವಾಸನೆ. ಹಂಡೆಯ ಎದುರು ಜನ ಅರ್ಧ ವೃತ್ತವಾಗಿ ನಿಂತರು. ಎಲ್ಲರಿಗೂ ಕಾಣಲೆಂದು ಕೆಳಗೆ ಇನ್ನೊಂದು ದೊಡ್ಡ ಸ್ಕ್ರೀನ್ ಇಟ್ಟಿದ್ದರು. ಅದರಲ್ಲಿ ಹಂಡೆಯ ಪುಟ ತೆರೆದಿತ್ತು: ವಾಲ್ವಿನ ಮೇಲೆ ಎಡಕ್ಕನ ಎಡಗೈ, ಹೆಬ್ಬೆರಳಿನ ಬುಡದ ಮಚ್ಚೆ ಸಹಿತ.

"ಅಮ್ಮಾ, ನಿನ್ನ ಮಚ್ಚೆ!" ಎಂದು ಗುಬ್ಬಿ ಕೂಗಿದಳು. ಅಷ್ಟರಲ್ಲಿ ಕ್ವಾಲಿಟಿ ಮೇಡಂ ಮುಂದೆ ಬಂದು, ಈಗ ಈ ಫೋಟೋ ತೆಗೆದು ಹೊಸದು ಹಾಕುತ್ತೇವೆ, ನೋಡಿ ಎಷ್ಟು ಸುಲಭ ಎಂದರು.

ಗುಬ್ಬಿಯ ಮುಖದ ಗೆಲುವು ಆರಿಹೋಯಿತು. "ಯಾಕಮ್ಮಾ ತೆಗೀತಾರೆ?" ಎಂದು ಮೆಲ್ಲಗೆ ಕೇಳಿದಳು. ಎಡಕ್ಕ ಅವಳ ತಲೆ ಸವರಿದಳು. ಅತ್ತೆ ಸೊಸೆಯನ್ನು ಒಮ್ಮೆ ನೋಡಿದರು. ನಾನು ಹೇಳಿರಲಿಲ್ಲವೇ ಅನ್ನುವ ನೋಟ ಇರುತ್ತದೆ ಎಂದುಕೊಂಡಿದ್ದಳು ಎಡಕ್ಕ. ಅದಿರಲಿಲ್ಲ. ಅತ್ತೆಗೂ ಕಸಿವಿಸಿಯಾದಂತಿತ್ತು.

ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಟ್ಟ ಹತ್ತಿದ. ಪುಟದ ಮೇಡಂ ಕ್ಯಾಮೆರಾ ಹಿಡಿದು ಎದುರು ನಿಂತಳು. ಮೇಸ್ತ್ರಿ ಕಂಬದ ಸ್ಕ್ರೀನಿನಲ್ಲಿ "ವಾಲ್ವು ಕಾಲು ಸುತ್ತು ತೆರೆಯಿರಿ" ಎಂಬ ಸಾಲು ಓದಿದ, ಗಂಭೀರವಾಗಿ ವಾಲ್ವಿನ ಆ ಕಡೆಗೆ ಹೋಗಿ ನಿಂತ, ಕೈ ಚಾಚಿ ತಿರುಗಿಸಿದ.

"ಮೇಸ್ತ್ರಿ, ಬಲಗೈ," ಎಂದಳು ಪುಟದ ಮೇಡಂ.

"ಬಲಗೈಯೇ ತಾನೆ?" ಎಂದ ಮೇಸ್ತ್ರಿ. ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ. ವಾಲ್ವಿನ ಮೇಲೆ ಎಡಗೈ ಕೂತಿತ್ತು.

ಜನ ಗೊಳ್ಳೆಂದರು. ಮೇಸ್ತ್ರಿ ಪೆಚ್ಚುನಗೆ ನಕ್ಕು, "ಏನೋ ಮರೆವು," ಎಂದು ಮೆಟ್ಟಿಲಿನ ಕಡೆಗೆ ಬಂದು ನಿಂತ. ಈಗ ಸ್ಕ್ರೀನ್ ಅವನ ಬೆನ್ನಿಗೆ ಬಿತ್ತು. ಓದಲು ಕತ್ತು ತಿರುಗಿಸಿದ, ಕತ್ತಿನ ಹಿಂದೆ ಭುಜ ತಿರುಗಿತು, ಭುಜದ ಹಿಂದೆ ಕಾಲು ಹೋಯಿತು. ನೋಡನೋಡುತ್ತಿದ್ದಂತೆ ಮೇಸ್ತ್ರಿ ಮತ್ತೆ ಆ ಕಡೆ ನಿಂತಿದ್ದ, ವಾಲ್ವಿನ ಮೇಲೆ ಮತ್ತೆ ಎಡಗೈ.

"ಅಯ್ಯೋ ಇದರ!" ಎಂದು ಅವನು ಮೆಟ್ಟಿಲಿನ ಕಡೆಗೆ ವಾಪಸು ಬಂದು ಎಡಗೈಯನ್ನು ಜೇಬಿನೊಳಗೆ ತುರುಕಿದ. "ಈಗ ತೆಗೀರಿ." ಬಲಗೈಯಿಂದ ವಾಲ್ವು ಹಿಡಿದು ತನ್ನ ಕಡೆಗೆ ಎಳೆದ. ಆ ಕಡೆ ನಿಂತಾಗ ಎಳೆದರೆ ತೆರೆಯುವ ವಾಲ್ವು ಈ ಕಡೆ ನಿಂತು ಎಳೆದರೆ ಮುಚ್ಚುತ್ತದೆ. ಅದು ಗಟಕ್ಕೆಂದು ಮುಚ್ಚಿಕೊಂಡಿತು. ಬಂದ ಮಕ್ಕಳೆಲ್ಲ ಕೇಕೆ ಹಾಕಿದರು. ಮೇಸ್ತ್ರಿಯ ಹೆಂಡತಿ ಜನರ ನಡುವಿನಿಂದ, "ಮನೇಲಿ ಸೌಟು ಹಿಡೀರಿ ಅಂದ್ರೆ ಯಾವ ಕೈಯೂ ಬರಲ್ಲ, ಇಲ್ಲಿ ನೋಡಿ!" ಎಂದು ಕೂಗಿದಳು.

"ಏಣಿ, ನೀನು ಬಾರಪ್ಪ," ಎಂದರು ಕ್ವಾಲಿಟಿ ಮೇಡಂ. ಏಣಿ ಮೂರೇ ದಾಪುಗಾಲಿಗೆ ಅಟ್ಟ ಹತ್ತಿದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಏಣಿ ಬೇಕೆಂದೇ ಬಲಗೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ, ತಲೆ ಆಡಿಸಿದ, ಸ್ಕ್ರೀನ್ ಓದಿದ, ಎಡಗೈಯಿಂದ ವಾಲ್ವು ತೆರೆದ. ಬಲಗೈ ಇನ್ನೂ ಮೇಲೇ ಇತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಕ್ಕನೂ ನಕ್ಕಳು, ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು.

ಅತ್ತೆ ಪಕ್ಕದಲ್ಲಿದ್ದ ಪ್ಯಾಕಿಂಗಿನ ಹೆಂಗಸಿನ ತೋಳು ಮುಟ್ಟಿದರು. "ಇವರೆಲ್ಲ ಹುಟ್ಟಾ ಎಡಗೈಯವರಾ?"

"ಎಲ್ಲಿ ಬಂತು ಅಜ್ಜಿ! ಎಲ್ರೂ ಬಲಗೈಯವರೇ. ನಿಮ್ಮ ಸೊಸೆ ಫೋಟೋ ನೋಡಿ ನೋಡಿ ಹಿಂಗಾಗಿದಾರೆ. ಕೈ ಹಂಗೇ ಪಳಗಿಬಿಟ್ಟಿದೆ."

ಅತ್ತೆ ದೊಡ್ಡ ಸ್ಕ್ರೀನಿನ ಮೇಲಿನ ಕೈಯನ್ನೇ ನೋಡುತ್ತ ನಿಂತರು.

ಪುಟದ ಮೇಡಂ ಕ್ಯಾಮೆರಾ ಕೆಳಗಿಳಿಸಿದಳು. "ತಪ್ಪು ನಂದೇ ಮೇಡಂ. ಸ್ಕ್ರೀನ್ ಎಲ್ಲಿ ಹಾಕೋದು ಅಂತ ಕೇಳಿದಾಗ ಅಕ್ಕ ಅಲ್ಲಿ ನಿಂತಿದ್ರು, ಅವರಿಗೆ ಕಾಣೋ ಕಂಬ ತೋರಿಸಿಬಿಟ್ಟೆ. ಅದನ್ನ ನೋಡಬೇಕು ಅಂದ್ರೆ ಆ ಕಡೆನೇ ನಿಲ್ಲಬೇಕು. ಆ ಕಡೆ ನಿಂತ್ರೆ ಎಡಗೈಯೇ ಬರೋದು."

ಕ್ವಾಲಿಟಿ ಮೇಡಂ ಕಂಬ ನೋಡಿದರು, ವಾಲ್ವು ನೋಡಿದರು, ಇನ್ನೂ ಜೇಬಿನಲ್ಲಿ ಕೈ ಇಟ್ಟುಕೊಂಡಿದ್ದ ಮೇಸ್ತ್ರಿಯನ್ನು ನೋಡಿದರು. ತಡೆದುಕೊಂಡಿದ್ದ ನಗು ಅವರಿಂದಲೂ ತಪ್ಪಿಸಿಕೊಂಡಿತು.

"ಈಗ ಎಲ್ರೂ ಒಂದೇ ಕಡೆ ನಿಂತು ಒಂದೇ ಥರ ಮಾಡ್ತಿದೀರಿ ಅಂತಾಯ್ತು. ಸೋಪೂ ಸರಿಯಾಗೇ ಬರ್ತಿದೆ. ನಂಗೆ ಬೇಕಾಗಿದ್ದೂ ಅಷ್ಟೇ ತಾನೆ," ಎಂದರು. "ಇರಲಿ ಬಿಡಿ. ಫೋಟೋ ಬದಲಾಯ್ಸೋದು ಬೇಡ. ಇದನ್ನ ಕೆಡಿಸೋಕೆ ಹೋದ್ರೆ ಇನ್ನೊಂದು ಗಲಿಬಿಲಿ."

ಮೇಸ್ತ್ರಿ ಅಟ್ಟ ಇಳಿದು ನೇರವಾಗಿ ಅತ್ತೆಯ ಹತ್ತಿರ ಬಂದ. "ನೀವೇ ಅಲ್ವಾ ಎಡಕ್ಕನ ಅತ್ತೆ? ನೋಡಿ ಅಮ್ಮ, ನಿಮ್ಮ ಸೊಸೆ ನಮ್ಮನ್ನೆಲ್ಲ ಏನು ಮಾಡಿಟ್ಟಿದಾಳೆ. ಇಷ್ಟು ವರ್ಷದ ನನ್ನ ಬಲಗೈ ನಿಂತಲ್ಲೇ ನಿರುದ್ಯೋಗಿ ಆಯ್ತು."

ಎಡಕ್ಕ ಎನ್ನುವ ಹೆಸರನ್ನು ಅತ್ತೆ ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಕೂತು ಅವರು ಊಹಿಸಿಕೊಂಡಿದ್ದ ದನಿಗೂ ಇದಕ್ಕೂ ಬಹಳ ವ್ಯತ್ಯಾಸವಿತ್ತು. "ಅವಳು ಮನೇಲೂ ಹಂಗೇಪ್ಪ, ಮಾತಾಡದೇನೇ ಎಲ್ಲಾ ಮಾಡ್ತಾಳೆ," ಎಂದರು. ಅದು ದೂರೋ ಹೊಗಳಿಕೆಯೋ ಎಡಕ್ಕನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಪುಟದ ಮೇಡಂ ಮಕ್ಕಳನ್ನು ಕರೆಯುತ್ತಿದ್ದಳು. ಹಂಡೆಯಲ್ಲಿ ಬರೀ ನೀರಿದೆ, ಯಾರಿಗೆ ವಾಲ್ವು ತಿರುಗಿಸಬೇಕು ಬನ್ನಿ ಎಂದಳು. ಮಕ್ಕಳು ನಾಮುಂದು ತಾಮುಂದು ಎಂದು ನುಗ್ಗಿದರು. ಗುಬ್ಬಿಯ ಸರದಿ ಬಂದಾಗ ಎಡಕ್ಕ ಅವಳನ್ನು ಅಟ್ಟಕ್ಕೆ ಹತ್ತಿಸಿ, ಒಂದು ಸ್ಟೂಲಿನ ಮೇಲೆ ನಿಲ್ಲಿಸಿದಳು. ಅತ್ತೆಯೂ ಕಂಬಿ ಹಿಡಿದುಕೊಂಡು ನಿಧಾನವಾಗಿ ಹತ್ತಿ ಬಂದು ಕಂಬದ ಪಕ್ಕ ನಿಂತರು.

ಗುಬ್ಬಿಯ ಎದುರಿಗೆ ಸ್ಕ್ರೀನಿತ್ತು, ಸ್ಕ್ರೀನಿನ ಪಕ್ಕದಲ್ಲಿ ಅಜ್ಜಿ. ಮಗು ವಾಲ್ವಿನ ಕಡೆ ನೋಡಿತು. ಆಮೇಲೆ ಅಜ್ಜಿಯ ಮುಖ ನೋಡಿತು. ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡು ಬಲಗೈಯನ್ನು ಮೆಲ್ಲಗೆ ಮುಂದೆ ತಂದಿತು. ಇಷ್ಟೆಲ್ಲ ನಡೆದ ಮೇಲೂ.

"ನನ್ನ ಮುಖ ಏನೇ ನೋಡ್ತೀಯಾ?" ಎಂದರು ಅತ್ತೆ. "ನಿಮ್ಮಮ್ಮನ ಕೈ ನೋಡು."

ಗುಬ್ಬಿ ಸ್ಕ್ರೀನ್ ನೋಡಿದಳು. ಬೆನ್ನ ಹಿಂದಿದ್ದ ಕೈ ಮುಂದೆ ಬಂದು ವಾಲ್ವು ಹಿಡಿಯಿತು, ಕಾಲು ಸುತ್ತು ತಿರುಗಿಸಿತು. ಕಿಂಡಿಯ ಒಳಗೆ ನೀರು ಸಣ್ಣ ಧಾರೆಯಾಗಿ ಇಳಿಯತೊಡಗಿತು.